ಎರಡು ಕೊಳಗದ ನ್ಯಾಯ

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಒಂದು ಕೊಳಗದ ವಿಷಯಕ್ಕೆ. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಸರಿಯಾದ ಅಳತೆಯದಾಗಿರಬೇಕು, ಒಡೆಯರ ಮನೆಯ ದೊಡ್ಡ ಕೊಳಗ ಬೇಡ ಎಂಬುದು ಅವರ ಮಾತು. ಕೇಳುವವರಿಗೆ ಅದು ಸಣ್ಣ ಮಾತು. ಆದರೆ ಅಳತೆ ಯಾರ ಕೈಯಲ್ಲಿದೆಯೋ ನ್ಯಾಯವೂ ಅವರ ಕೈಯಲ್ಲೇ ಇರುತ್ತದೆ ಎಂಬ ಸತ್ಯವನ್ನು ಅಕ್ಷರ ಕಲಿಯದ ಆ ರೈತರು ವಕೀಲರಿಗಿಂತ ಮೊದಲೇ ಕಂಡುಕೊಂಡಿದ್ದರು.

ಆ ಕೊಳಗವನ್ನು ಇಂದು ನಾವು ನೆನೆಯಲು ಕಾರಣವಿದೆ. ಈಗಿನದು ಭತ್ತದ ಮಾತಲ್ಲ. ಹಾಡು, ಸಿನಿಮಾ, ಪುಸ್ತಕಗಳ ಮಾತು. ಇಂಟರ್ನೆಟ್ಟಿನ ಮೂಲಕ ಇವುಗಳನ್ನು ಅನುಮತಿಯಿಲ್ಲದೆ ಹಂಚಿಕೊಳ್ಳುವುದು ಕಳ್ಳತನವೆಂದು ಕಂಪೆನಿಗಳು ಇಪ್ಪತ್ತೈದು ವರ್ಷಗಳಿಂದ ಸಾರುತ್ತ ಬಂದಿವೆ. ಸರ್ಕಾರಗಳು ತಲೆದೂಗಿ ಕಾನೂನು ಬಿಗಿ ಮಾಡುತ್ತ ಬಂದಿವೆ. ಕಳ್ಳತನ ಹೌದೋ ಅಲ್ಲವೋ ಎಂಬ ಚರ್ಚೆಗೆ ಆಮೇಲೆ ಬರೋಣ. ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಬಡವ ಹಂಚಿಕೊಂಡಾಗ ಅಳೆದ ಕೊಳಗ ಯಾವುದು, ಬಂಡವಾಳಗಾರ ಎತ್ತಿಕೊಂಡಾಗ ಅಳೆದ ಕೊಳಗ ಯಾವುದು?

ಮುಯ್ಯಾಳಿನ ಯಂತ್ರ

ವಿಷಯದ ಪರಿಚಯವಿಲ್ಲದ ಓದುಗರಿಗಾಗಿ ಈ ಹಂಚಿಕೆಯ ಬಗೆಯನ್ನು ಸ್ವಲ್ಪ ವಿವರಿಸಬೇಕು. 1999ರಲ್ಲಿ ಅಮೆರಿಕದಲ್ಲಿ ಶಾನ್ ಫ್ಯಾನಿಂಗ್ ಎಂಬ ಹುಡುಗ ನ್ಯಾಪ್‌ಸ್ಟರ್ ಎಂಬ ವ್ಯವಸ್ಥೆಯನ್ನು ಹುಟ್ಟುಹಾಕಿದ. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರಿನ ಬಳಿ ಇರುತ್ತಿತ್ತು. ಹಾಡು ಮಾತ್ರ ಒಬ್ಬನ ಮನೆಯಿಂದ ಇನ್ನೊಬ್ಬನ ಮನೆಗೆ ನೇರವಾಗಿ ಹೋಗುತ್ತಿತ್ತು. ನಡುವೆ ಅಂಗಡಿಯಿಲ್ಲ, ದಲ್ಲಾಳಿಯಿಲ್ಲ. ಅದೇ ವರ್ಷ ಹಾಡಿನ ಕಂಪೆನಿಗಳು ದಾವೆ ಹೂಡಿದವು. 2001ರ ಜುಲೈಯಲ್ಲಿ ನ್ಯಾಪ್‌ಸ್ಟರ್ ಬಾಗಿಲು ಹಾಕಿತು. ಪಟ್ಟಿ ಇಟ್ಟುಕೊಂಡವನೊಬ್ಬನಿದ್ದ, ಅವನನ್ನು ಹಿಡಿದರೆ ಸಾಕಾಯಿತು.

ಆದರೆ ಅದೇ 2001ರಲ್ಲಿ ಬ್ರ್ಯಾಮ್ ಕೋಹೆನ್ ಎಂಬಾತ ಬಿಟ್‌ಟೊರೆಂಟ್ ಎಂಬ ಹೊಸ ಬಗೆಯನ್ನು ತಂದ. ಇದನ್ನು ತಿಳಿಯಲು ನಮ್ಮ ರೈತರಿಗೆ ಕಷ್ಟವಿಲ್ಲ. ನಾಟಿಯ ಕಾಲದಲ್ಲಿ ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಕೂಲಿಯ ಲೆಕ್ಕವಿಲ್ಲ, ಮೇಸ್ತ್ರಿಯಿಲ್ಲ. ಬಿಟ್‌ಟೊರೆಂಟಿನಲ್ಲಿ ಒಂದು ಸಿನಿಮಾವನ್ನೋ ಪುಸ್ತಕದ ಕಂತೆಯನ್ನೋ ಸಣ್ಣ ಸಣ್ಣ ತುಂಡುಗಳಾಗಿ ಮಾಡುತ್ತಾರೆ. ಒಂದು ತುಂಡು ಕೈಗೆ ಬಂದವನು ಅದನ್ನು ಒಡನೆಯೇ ಇನ್ನೊಬ್ಬನಿಗೆ ದಾಟಿಸುತ್ತ, ತನಗೆ ಬೇಕಾದ ಉಳಿದ ತುಂಡುಗಳನ್ನು ಬೇರೆಯವರಿಂದ ಪಡೆಯುತ್ತಾನೆ. ಪಡೆಯುವವನೇ ಕೊಡುವವನೂ ಹೌದು. ಅಂಗಡಿಗೆ ಜನ ನುಗ್ಗಿದರೆ ಸರಕು ಮುಗಿಯುತ್ತದೆ; ಇಲ್ಲಿ ಜನ ಹೆಚ್ಚಿದಷ್ಟೂ ಸರಕು ಬೇಗ ದೊರೆಯುತ್ತದೆ.

ಈ ಯಂತ್ರದಲ್ಲಿ ಕಳ್ಳತನವೆಂಬುದೇನೂ ಇಲ್ಲ. ಲಿನಕ್ಸಿನಂಥ ಮುಕ್ತ ತಂತ್ರಾಂಶಗಳನ್ನು ಇಂದಿಗೂ ಇದೇ ದಾರಿಯಲ್ಲಿ, ಕಾನೂನಿಗೆ ಒಪ್ಪುವಂತೆ ಜಗತ್ತಿಗೆಲ್ಲ ಹಂಚುತ್ತಾರೆ. ಹೀಗೆ ಸಾಗುವ ಸರಕಿನಲ್ಲಿ ಬಹುಪಾಲು ಬೇರೊಬ್ಬರ ಕೃತಿಸ್ವಾಮ್ಯಕ್ಕೆ, ಅಂದರೆ ಕಾಪಿರೈಟಿಗೆ, ಸೇರಿದ್ದು ಎಂಬುದೂ ಅಷ್ಟೇ ನಿಜ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನಮ್ಮ ಪದ್ಧತಿಯಲ್ಲ.

ಇಪ್ಪತ್ತನಾಲ್ಕು ಹಾಡುಗಳ ದಂಡ

ಪಟ್ಟಿ ಇಟ್ಟವನನ್ನು ಹಿಡಿಯುವುದು ಸಾಧ್ಯವಾಗದಾಗ ಕಂಪೆನಿಗಳು ಕೇಳುಗರ ಮೇಲೆಯೇ ತಿರುಗಿಬಿದ್ದವು. 2003ರಿಂದ 2008ರವರೆಗೆ ಅಮೆರಿಕದ ಹಾಡಿನ ಕಂಪೆನಿಗಳ ಸಂಘ ಸುಮಾರು 35,000 ಜನಸಾಮಾನ್ಯರ ಮೇಲೆ ಕ್ರಮ ಹೂಡಿತು. ವಿದ್ಯಾರ್ಥಿಗಳು, ಅಜ್ಜಂದಿರು, ಗೃಹಿಣಿಯರು ಎಲ್ಲರೂ ಆ ಬಲೆಯಲ್ಲಿ ಬಿದ್ದರು. ಕೆಲವು ಸಾವಿರ ಡಾಲರ್ ಕೊಟ್ಟು ರಾಜಿಯಾಗು, ಇಲ್ಲದಿದ್ದರೆ ಕೋರ್ಟಿಗೆ ಬಾ ಎಂಬುದು ಅವರ ನೋಟೀಸಿನ ಧಾಟಿ. ವಕೀಲರನ್ನು ಇಡುವ ಶಕ್ತಿಯಿಲ್ಲದ ಬಹುಮಂದಿ ಹಣ ಕಟ್ಟಿ ಬಾಯಿ ಮುಚ್ಚಿಕೊಂಡರು.

ಮಿನ್ನೆಸೋಟಾ ರಾಜ್ಯದ ಒಬ್ಬ ತಾಯಿ ಮಾತ್ರ ರಾಜಿಗೆ ಒಪ್ಪಲಿಲ್ಲ. ಕಜಾ ಎಂಬ ಹಂಚಿಕೆಯ ಜಾಲದಲ್ಲಿ 24 ಹಾಡುಗಳನ್ನು ಹಂಚಿದಳೆಂಬುದು ಆಕೆಯ ಮೇಲಿನ ಆಪಾದನೆ. ಆ ಕಾಲಕ್ಕೆ ಇಂಟರ್ನೆಟ್ ಅಂಗಡಿಯಲ್ಲಿ ಒಂದು ಹಾಡಿನ ಬೆಲೆ 99 ಸೆಂಟು. ಇಪ್ಪತ್ತನಾಲ್ಕು ಹಾಡಿಗೆ ಇಪ್ಪತ್ತನಾಲ್ಕು ಡಾಲರೂ ತುಂಬಲಿಲ್ಲ. 2007ರಲ್ಲಿ ನ್ಯಾಯದರ್ಶಿಗಳು ವಿಧಿಸಿದ ದಂಡ 2,22,000 ಡಾಲರ್. ಹಾಡೊಂದಕ್ಕೆ 9,250 ಡಾಲರ್. ಮರುವಿಚಾರಣೆಯಾಯಿತು. 2009ರಲ್ಲಿ ದಂಡ ಹಾಡೊಂದಕ್ಕೆ 80,000 ಡಾಲರಿನಂತೆ 19 ಲಕ್ಷದ 20 ಸಾವಿರ ಡಾಲರಿಗೆ ಏರಿತು. ನ್ಯಾಯಾಧೀಶರಿಗೇ ಇದು ವಿಪರೀತವೆನಿಸಿ 54,000ಕ್ಕೆ ಇಳಿಸಿದರು. ಕಂಪೆನಿಗಳು ಬಿಡಲಿಲ್ಲ. ಕಡೆಗೆ 2012ರಲ್ಲಿ ಮೇಲಿನ ಕೋರ್ಟು ಮೊದಲಿನ 2,22,000 ಡಾಲರನ್ನೇ ಎತ್ತಿಹಿಡಿಯಿತು. ಆಕೆ ಆ ಹಾಡುಗಳಿಂದ ಲಾಭ ಮಾಡಿದಳೆಂದು ಕಂಪೆನಿಗಳೂ ಹೇಳಿರಲಿಲ್ಲ.

ಸ್ವೀಡನ್ನಿನಲ್ಲಿ ಪೈರೇಟ್ ಬೇ ಎಂಬ ಟೊರೆಂಟ್ ತಾಣವನ್ನು ನಡೆಸಿದ ನಾಲ್ವರಿಗೆ 2009ರ ಏಪ್ರಿಲಿನಲ್ಲಿ ತಲಾ ಒಂದು ವರ್ಷ ಸೆರೆ, ಒಟ್ಟಿಗೆ ಮೂರು ಕೋಟಿ ಕ್ರೋನಾ ಪರಿಹಾರದ ತೀರ್ಪಾಯಿತು. ಅಮೆರಿಕದಲ್ಲಿ ಏರನ್ ಸ್ವಾರ್ಟ್ಸ್ ಎಂಬ ಪ್ರತಿಭಾವಂತ ತರುಣ ಜೆಸ್ಟೋರ್ ಎಂಬ ಸಂಶೋಧನಾ ಭಂಡಾರದಿಂದ ಸುಮಾರು 48 ಲಕ್ಷ ಲೇಖನಗಳನ್ನು ಒಂದು ವಿದ್ಯಾಲಯದ ಜಾಲದ ಮೂಲಕ ಇಳಿಸಿಕೊಂಡರು. ಜೆಸ್ಟೋರ್ ಅವರೊಡನೆ ರಾಜಿ ಮಾಡಿಕೊಂಡು ಸುಮ್ಮನಾಯಿತು, ಸರ್ಕಾರ ಸುಮ್ಮನಾಗಲಿಲ್ಲ. 2011ರಲ್ಲಿ ಬಂಧನ, ಆಮೇಲೆ ವಂಚನೆ ಮತ್ತು ಕಂಪ್ಯೂಟರ್ ಅಪರಾಧಗಳ ಹದಿಮೂರು ಆಪಾದನೆಗಳು, ದಶಕಗಳ ಸೆರೆಮನೆಯ ಬೆದರಿಕೆ. 2013ರ ಜನವರಿಯಲ್ಲಿ, ವಿಚಾರಣೆಗೆ ಮೊದಲೇ, ಇಪ್ಪತ್ತಾರು ವರ್ಷದ ಆ ಹುಡುಗ ಆತ್ಮಹತ್ಯೆ ಮಾಡಿಕೊಂಡರು. ಇಳಿಸಿಕೊಂಡ ಒಂದು ಲೇಖನವನ್ನೂ ಅವರು ಮಾರಿರಲಿಲ್ಲ.

ಇದು ಒಂದನೆಯ ಕೊಳಗ.

ಎಪ್ಪತ್ತು ಲಕ್ಷ ಪುಸ್ತಕಗಳ ರಾಜಿ

ಈಗ ಎರಡನೆಯದನ್ನು ನೋಡೋಣ. ಯಂತ್ರಕ್ಕೆ ಭಾಷೆ ಕಲಿಸುವ ಕಂಪೆನಿಗಳು ಈಚಿನ ವರ್ಷಗಳಲ್ಲಿ ತಲೆಯೆತ್ತಿವೆ. ಕೃತಕ ಬುದ್ಧಿಮತ್ತೆ ಎಂದು ನಮ್ಮ ಪತ್ರಿಕೆಗಳು ಬರೆಯುತ್ತಿರುವುದು ಇದನ್ನೇ. ಯಂತ್ರಕ್ಕೆ ಭಾಷೆ ಬರಬೇಕಾದರೆ ರಾಶಿ ರಾಶಿ ಪುಸ್ತಕ ಬೇಕು. ಪುಸ್ತಕ ಎಲ್ಲಿಂದ ಬಂತು? ಕೊಂಡರೆ? ಕೇಳಿ ಪಡೆದರೆ?

ಅಮೆರಿಕದ ಆಂಥ್ರೋಪಿಕ್ ಎಂಬ ಕಂಪೆನಿ ಲಿಬ್‌ಜೆನ್ ಮೊದಲಾದ ಕಳ್ಳಪ್ರತಿಗಳ ಭಂಡಾರಗಳಿಂದ 70 ಲಕ್ಷಕ್ಕೂ ಹೆಚ್ಚು ಪುಸ್ತಕಪ್ರತಿಗಳನ್ನು ಇಳಿಸಿಕೊಂಡದ್ದು ನ್ಯಾಯಾಲಯದ ಆದೇಶದಲ್ಲೇ ದಾಖಲಾಗಿದೆ. ಮೂವರು ಲೇಖಕರು ಎಲ್ಲ ಲೇಖಕರ ಪರವಾಗಿ ದಾವೆ ಹೂಡಿದರು. 2025ರ ಜೂನಿನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅವರು ಯಂತ್ರಕ್ಕೆ ಕಲಿಸಲು ಪುಸ್ತಕ ಬಳಸಿದ್ದು ತಪ್ಪಲ್ಲ, ಆದರೆ ಕಳ್ಳಪ್ರತಿಗಳ ಭಂಡಾರವನ್ನು ಕಟ್ಟಿ ಇಟ್ಟುಕೊಂಡದ್ದಕ್ಕೆ ಆ ರಕ್ಷಣೆಯಿಲ್ಲ ಎಂದು ಹೇಳಿದರು. ಸೆಪ್ಟೆಂಬರಿನಲ್ಲಿ ಕಂಪೆನಿ 150 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿಯಾಯಿತು. ಸುಮಾರು ನಾಲ್ಕು ಲಕ್ಷದ ಎಂಬತ್ತು ಸಾವಿರ ಕೃತಿಗಳಿಗೆ, ಕೃತಿಯೊಂದಕ್ಕೆ ಸುಮಾರು 3,000 ಡಾಲರ್.

ಫೇಸ್‌ಬುಕ್ಕಿನ ಒಡೆತನ ಹೊಂದಿರುವ ಮೆಟಾ ಕಂಪೆನಿಯ ಕಥೆಯೂ ಇಂಥದೇ. ಅದು ಟೊರೆಂಟಿನ ಮೂಲಕವೇ, ನಮ್ಮ ಮುಯ್ಯಾಳಿನ ದಾರಿಯಲ್ಲೇ, ಕನಿಷ್ಠ 81.7 ಟೆರಾಬೈಟಿನಷ್ಟು ಸರಕನ್ನು ಇಳಿಸಿಕೊಂಡಿತೆಂದು ಲೇಖಕರ ವಕೀಲರು 2025ರ ಆರಂಭದಲ್ಲಿ ನ್ಯಾಯಾಲಯದ ಮುಂದಿಟ್ಟರು. ಜೂನಿನಲ್ಲಿ ಆ ನ್ಯಾಯಾಧೀಶರು, ಲೇಖಕರು ಸರಿಯಾದ ವಾದವನ್ನು ಮುಂದಿಡಲಿಲ್ಲವೆಂದು ಹೇಳಿ, ಯಂತ್ರಕ್ಕೆ ಕಲಿಸಿದ ವಿಷಯದಲ್ಲಿ ಕಂಪೆನಿಯ ಕಡೆಗೇ ತೀರ್ಪಿತ್ತರು. ಟೊರೆಂಟಿನ ಮೂಲಕ ಇತರರಿಗೆ ಹಂಚಿದ ಪ್ರಶ್ನೆಯೊಂದು ಮಾತ್ರ ಮುಂದಿನ ವಿಚಾರಣೆಗೆ ಉಳಿಯಿತು.

ಓದುಗರು ಲೆಕ್ಕ ಹಾಕಲಿ. ಹಾಡೊಂದನ್ನು ಹಂಚಿದ ತಾಯಿಗೆ 9,250 ಡಾಲರ್. ಇಡೀ ಪುಸ್ತಕವನ್ನು, ಒಬ್ಬ ಲೇಖಕ ಮೂರು ವರ್ಷವೋ ಐದು ವರ್ಷವೋ ಕುಳಿತು ಬರೆದದ್ದನ್ನು, ವ್ಯಾಪಾರಕ್ಕಾಗಿ ಎತ್ತಿಕೊಂಡ ಕಂಪೆನಿಗೆ 3,000 ಡಾಲರ್. ತಾಯಿಯನ್ನು ದಂಡ ಮುಳುಗಿಸಿತು. ಕಂಪೆನಿ ರಾಜಿಯಾದ ಅದೇ ಸೆಪ್ಟೆಂಬರಿನಲ್ಲಿ 1,300 ಕೋಟಿ ಡಾಲರ್ ಹೊಸ ಬಂಡವಾಳ ಎತ್ತಿತು. ಹಣ ಹೂಡಿದವರು ಅದರ ಬೆಲೆಯನ್ನು 18,300 ಕೋಟಿ ಡಾಲರ್ ಎಂದು ಕಟ್ಟಿದರು. ಕೊಟ್ಟ ಪರಿಹಾರ ಆ ಬೆಲೆಯಲ್ಲಿ ನೂರಕ್ಕೆ ಒಂದು ಪಾಲೂ ಅಲ್ಲ. 48 ಲಕ್ಷ ಲೇಖನ ಇಳಿಸಿಕೊಂಡ ಹುಡುಗನಿಗೆ ಸೆರೆಮನೆ ತೋರಿಸಿದರು. 70 ಲಕ್ಷ ಪುಸ್ತಕ ಇಳಿಸಿಕೊಂಡವರಲ್ಲಿ ಒಬ್ಬನೂ ಸೆರೆಮನೆಯ ಬಾಗಿಲು ಕಾಣಲಿಲ್ಲ. ಒಂದೊಂದು ಮೊಕದ್ದಮೆಗೂ ಅದರದೇ ಕಲಮು, ಅದರದೇ ಕಾರಣ ಇದೆಯೆಂದು ವಕೀಲರು ಹೇಳುತ್ತಾರೆ. ಇರಬಹುದು. ಒಡೆಯರ ಕೊಳಗಕ್ಕೂ ಆ ಕಾಲದಲ್ಲಿ ಕಾರಣಗಳಿದ್ದವು.

ಇನ್ನೊಂದು ಸಂಗತಿಯನ್ನೂ ನಮ್ಮ ಬರಹಗಾರರು ಗಮನಿಸಬೇಕು. ಆ ರಾಜಿಯಲ್ಲಿ ಪಾಲು ದೊರೆಯುವುದು ಅಮೆರಿಕದ ಕೃತಿಸ್ವಾಮ್ಯ ಕಚೇರಿಯಲ್ಲಿ ಸಕಾಲಕ್ಕೆ ನೋಂದಣಿಯಾದ ಪುಸ್ತಕಗಳಿಗೆ ಮಾತ್ರ. ಕನ್ನಡದ ಲೇಖಕ ವಾಷಿಂಗ್ಟನ್ನಿಗೆ ಅರ್ಜಿ ಹಾಕಿ ತನ್ನ ಕಥಾಸಂಕಲನವನ್ನು ನೋಂದಣಿ ಮಾಡಿಸುವುದುಂಟೇ? ಅಲ್ಲಿನ ಲೇಖಕರಿಗೆ ಅಷ್ಟಾದರೂ ಸಿಕ್ಕಿತೆಂದರೆ ಅವರು ಒಬ್ಬೊಬ್ಬರಾಗಿ ಅಳದೆ ಒಟ್ಟಾಗಿ ನಿಂತದ್ದರಿಂದ. ಸಂಘಟನೆಯ ಪಾಠ ಗದ್ದೆಯಲ್ಲಿ ಹೇಗೋ ಬರಹದಲ್ಲೂ ಹಾಗೆಯೇ.

ನಮ್ಮ ರಾಜ್ಯದ ಗೂಂಡಾ ಯಾರು?

ಇದೆಲ್ಲ ಅಮೆರಿಕದ ಮಾತು, ನಮಗೇನು ಎಂದು ಯಾರಾದರೂ ಕೇಳಬಹುದು. ಅವರು ನಮ್ಮ ವಿಧಾನಸಭೆಯನ್ನು ಸ್ವಲ್ಪ ನೋಡಲಿ.

2014ರಲ್ಲಿ ಕರ್ನಾಟಕ ಸರ್ಕಾರ ಜನರು ಗೂಂಡಾ ಕಾಯಿದೆ ಎಂದು ಕರೆಯುವ 1985ರ ಕಾನೂನಿಗೆ ತಿದ್ದುಪಡಿ ತಂದು, ಡಿಜಿಟಲ್ ಅಪರಾಧಿ ಎಂಬ ಹೊಸ ವರ್ಗವನ್ನು ಸೇರಿಸಿತು. ಪುಸ್ತಕ, ಸಂಗೀತ, ಸಿನಿಮಾ, ತಂತ್ರಾಂಶಗಳ ಕೃತಿಸ್ವಾಮ್ಯವನ್ನು ವಾಣಿಜ್ಯದ ಉದ್ದೇಶಕ್ಕಾಗಿ ಬೇಕೆಂದೇ ಉಲ್ಲಂಘಿಸಿದವನು ಈ ವರ್ಗಕ್ಕೆ ಸೇರುತ್ತಾನೆ. ಗೂಂಡಾ ಕಾಯಿದೆಯ ಬಲವೆಂದರೆ ಮುನ್ನೆಚ್ಚರಿಕೆಯ ಬಂಧನ. ವಿಚಾರಣೆ ನಡೆದು ಅಪರಾಧ ಸಾಬೀತಾಗುವ ಮೊದಲೇ ಹನ್ನೆರಡು ತಿಂಗಳವರೆಗೆ ಒಳಗಿಡಬಹುದು. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಆಗಲೇ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000ದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕೆ ವಿಚಾರಣೆಯಾದರೂ ಉಂಟು. ಅದು ಸಾಲದೆ ರೌಡಿಗಳ, ಕಳ್ಳಭಟ್ಟಿಯವರ ಸಾಲಿನಲ್ಲಿ ಹಾಡು ನಕಲು ಮಾಡಿದವನನ್ನೂ ತಂದು ನಿಲ್ಲಿಸಬೇಕಾಗಿತ್ತೇ?

ವಾಣಿಜ್ಯದ ಉದ್ದೇಶ ಎಂಬ ಮಾತಿದೆಯಲ್ಲ, ಸಣ್ಣವರಿಗೆ ಭಯವೇಕೆ ಎನ್ನುವವರಿಗೆ ಒಂದು ನೆನಪನ್ನು ಹೇಳುತ್ತೇವೆ. ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಆ ಊರಿನ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ಒಂದು ಮೊಬೈಲ್ ರೀಚಾರ್ಜ್ ಅಂಗಡಿಯಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಮುಂದೆ ಓದಲಾಗದ ನಮ್ಮದೇ ಶಾಲೆಯ ಹುಡುಗ ಅದನ್ನು ನಡೆಸುತ್ತಿದ್ದ. ಇಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡಿನ ತುಂಬ ಹಾಡು ಹಾಕಿಕೊಡುತ್ತಿದ್ದ. ರಾಜಕುಮಾರ್ ಹಾಡು, ಭಾವಗೀತೆ, ತಾಳಮದ್ದಳೆ, ಭಜನೆ, ಎಲ್ಲವೂ. ರಾತ್ರಿ ಅಡಿಕೆ ಸುಲಿಯುವ ಹೆಂಗಸರು ಒಂದು ಫೋನನ್ನು ನಡುವೆ ಇಟ್ಟುಕೊಂಡು ಆ ಹಾಡು ಕೇಳುತ್ತ ನಿದ್ದೆ ತಡೆಯುತ್ತಿದ್ದರು. ನಮ್ಮ ಮನೆಯ ಫೋನಿನಲ್ಲೂ ಅವನು ಹಾಕಿಕೊಟ್ಟ ಹಾಡುಗಳಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಆ ಇಪ್ಪತ್ತು ರೂಪಾಯಿ ವಾಣಿಜ್ಯದ ಉದ್ದೇಶವೇ? ಕಾನೂನಿನ ಕಣ್ಣಿಗೆ ಹೌದು. ಹಾಗಾದರೆ ಅವನು ಗೂಂಡಾ. ಎಪ್ಪತ್ತು ಲಕ್ಷ ಪುಸ್ತಕದ ಕಂಪೆನಿಗಳು ಬೆಂಗಳೂರಿಗೆ ಬಂದರೆ? ಅವರಿಗೆ ಹೂಮಾಲೆ, ಜಮೀನು, ವಿದ್ಯುತ್ತಿನ ರಿಯಾಯಿತಿ.

ಕಾನೂನಿನ ದೊಣ್ಣೆ ಕುರುಡಾಗಿ ಬೀಸಿದರೆ ಯಾರಿಗೆ ಪೆಟ್ಟು ಬೀಳುತ್ತದೆಂಬುದನ್ನು ಕನ್ನಡದ ಓದುಗರು 2017ರ ಆಗಸ್ಟಿನಲ್ಲಿ ಕಂಡರು. ಎರಡು ಹಿಂದಿ ಸಿನಿಮಾಗಳ ನಿರ್ಮಾಪಕರು ಮದ್ರಾಸ್ ಹೈಕೋರ್ಟಿನಿಂದ ಆಜ್ಞೆ ಪಡೆದು ಸಾವಿರಾರು ತಾಣಗಳನ್ನು ಮುಚ್ಚಿಸಿದಾಗ ಆ ಪಟ್ಟಿಯಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಸಾರ್ವಜನಿಕ ಗ್ರಂಥಭಂಡಾರವೂ ಸೇರಿಹೋಗಿತ್ತು. ಹಳೆಯ ಕನ್ನಡ ಪುಸ್ತಕಗಳು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಪುಟಪುಟವಾಗಿ ಚಿತ್ರ ತೆಗೆದಿಟ್ಟ ಗ್ರಂಥಗಳು ಇರುವುದು ಅಲ್ಲಿ. ಹಿಂದಿ ಸಿನಿಮಾದ ಕಳ್ಳಪ್ರತಿ ತಡೆಯಲು ಹೋಗಿ ಕನ್ನಡದ ಪುಸ್ತಕದ ಕಪಾಟಿಗೆ ಬೀಗ ಹಾಕಿದರು. ಗದ್ದಲವಾದ ಮೇಲೆ ಬೀಗ ತೆಗೆದರು. ಹಾಕುವ ಮೊದಲು ಯಾರೂ ಕೇಳಿರಲಿಲ್ಲ.

ಆದರೂ ನ್ಯಾಯ ಎಲ್ಲ ಕಡೆ ಸತ್ತಿಲ್ಲ. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ಮೂರು ದೊಡ್ಡ ಪ್ರಕಾಶನಗಳು ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಎಂಬ ಸಣ್ಣ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದವು. ವಿದ್ಯಾರ್ಥಿಗಳಿಗೆ ಪಠ್ಯಭಾಗಗಳ ಕಂತೆ ಮಾಡಿಕೊಟ್ಟದ್ದು ಅದರ ಅಪರಾಧ. ವಿದ್ಯಾರ್ಥಿಗಳೂ ಅಧ್ಯಾಪಕರೂ ಅಂಗಡಿಯ ಬೆನ್ನಿಗೆ ನಿಂತರು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್‌ಲಾ ಅವರು ದಾವೆಯನ್ನು ವಜಾ ಮಾಡಿ, ಕೃತಿಸ್ವಾಮ್ಯವು ದೇವರು ಕೊಟ್ಟ ಹಕ್ಕೂ ಅಲ್ಲ, ಹುಟ್ಟಿನಿಂದ ಬಂದ ಹಕ್ಕೂ ಅಲ್ಲ ಎಂಬ ಅರ್ಥದ ಮಾತು ಹೇಳಿದರು. ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠವೂ, ಪಾಠದ ಅಗತ್ಯಕ್ಕೆ ನಕಲು ಮಾಡಿಕೊಳ್ಳಲು ನಮ್ಮ ಕಾಯಿದೆಯಲ್ಲೇ ಅವಕಾಶವಿದೆಯೆಂದು ಒಪ್ಪಿತು. ಬಡ ವಿದ್ಯಾರ್ಥಿಯ ಕೈಯಲ್ಲಿರುವ ಜೆರಾಕ್ಸ್ ಕಂತೆಗೆ ಈ ದೇಶದ ಕಾನೂನಿನ ಆಸರೆಯಿದೆ ಎಂಬುದು ಪ್ರತಿ ಮೇಷ್ಟರಿಗೂ ತಿಳಿದಿರಬೇಕು.

ಬರೆದವನ ಪಾಲು

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ಈ ಬರಹ ಅರ್ಧ ಸತ್ಯವಾಗುತ್ತದೆ.

ನಮ್ಮ ಜಿಲ್ಲೆಯ ಹಿರಿಯ ಲೇಖಕರೊಬ್ಬರನ್ನು ಹಿಂದೊಮ್ಮೆ ನೋಡಲು ಹೋಗಿದ್ದೆವು. ನಿವೃತ್ತಿಯ ಹಣದಲ್ಲಿ ಒಂದು ಕಾದಂಬರಿಯ ಸಾವಿರ ಪ್ರತಿ ಅಚ್ಚು ಹಾಕಿಸಿದ್ದರು. ಕಟ್ಟುಗಳು ಮಂಚದ ಕೆಳಗೆ ಇದ್ದವು. ಹೋದಲ್ಲೆಲ್ಲ ಜನ, ‘ಸಾರ್, ನಿಮ್ಮ ಪುಸ್ತಕ ಓದಿದೆವು, ಬಹಳ ಚೆನ್ನಾಗಿದೆ’ ಎನ್ನುತ್ತಾರಂತೆ. ಎಲ್ಲಿ ಸಿಕ್ಕಿತು ಎಂದರೆ ಫೋನಿನಲ್ಲಿ ಎನ್ನುತ್ತಾರಂತೆ. ಯಾರೋ ಪುಣ್ಯಾತ್ಮರು ಪುಟಗಳ ಚಿತ್ರ ತೆಗೆದು ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ‘ಓದುಗರು ಸಿಕ್ಕರು ಎಂದು ಸಂತೋಷಪಡಬೇಕೋ, ಕಟ್ಟು ಹಾಗೇ ಉಳಿಯಿತು ಎಂದು ಅಳಬೇಕೋ ಗೊತ್ತಾಗುವುದಿಲ್ಲ ಮೇಷ್ಟ್ರೇ’ ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ನಾವೂ ಅಂಥ ಗುಂಪುಗಳಲ್ಲಿ ಇದ್ದವರೇ.

ಇಲ್ಲಿ ಮುಯ್ಯಾಳಿನ ಮಾತನ್ನು ಮತ್ತೆ ನೆನೆಯಬೇಕು. ಮುಯ್ಯಾಳೆಂದರೆ ಬಿಟ್ಟಿ ಆಳಲ್ಲ. ನನ್ನ ಗದ್ದೆಗೆ ಬಂದವನ ಗದ್ದೆಗೆ ನಾನು ಹೋಗಲೇಬೇಕು. ಲೇಖಕ ನಮ್ಮ ಗದ್ದೆಗೆ ಬಂದು ದುಡಿದ. ನಾವು ಅವನ ಗದ್ದೆಗೆ ಹೋಗಲಿಲ್ಲ. ಹೊಸ ಕನ್ನಡ ಸಿನಿಮಾ ಬಿಡುಗಡೆಯಾದ ರಾತ್ರಿಯೇ ಟೆಲಿಗ್ರಾಮಿನಲ್ಲಿ ನೋಡುವವನು ದೊಡ್ಡ ಬಂಡವಾಳಗಾರನ ಜೇಬಿಗೆ ಕೈ ಹಾಕಿದೆನೆಂದು ತಿಳಿದಿರುತ್ತಾನೆ. ಮೊದಲು ಬಡಿಯುವುದು ಸಣ್ಣ ನಿರ್ಮಾಪಕನಿಗೆ, ತಾಲ್ಲೂಕಿನ ಟಾಕೀಸಿಗೆ, ದಿನಗೂಲಿಯ ಲೈಟ್‌ಬಾಯ್‌ಗೆ. ದೊಡ್ಡವನಿಗೆ ಬೇರೆ ದಾರಿಗಳಿವೆ. ಉಳುವವನೇ ಹೊಲದೊಡೆಯ ಎಂದು ಕೂಗಿದ ನಾವು ಬರೆದವನ ಹೊಲಕ್ಕೆ ದನ ಬಿಡುವುದು ಯಾವ ನ್ಯಾಯ?

ಆದರೆ ಬರೆದವನ ಹೆಸರು ಹೇಳಿಕೊಂಡು ಕಂಪೆನಿಗಳು ಕಾನೂನು ಕೇಳುವಾಗ, ಬರೆದವನಿಗೆ ಎಷ್ಟು ಸಿಗುತ್ತದೆ ಎಂದು ಕೇಳುವ ಧೈರ್ಯವೂ ಬೇಕು. ನಮ್ಮ ದೇಶದಲ್ಲಿ ಸಿನಿಮಾ ಹಾಡು ಬರೆದ ಕವಿಗೂ ರಾಗ ಹಾಕಿದವರಿಗೂ ರಾಯಧನದ ಪಾಲು ಬಿಟ್ಟುಕೊಡಲಾಗದ ಹಕ್ಕೆಂದು ಕಾನೂನಾದದ್ದು 2012ರಲ್ಲಿ. ಅಲ್ಲಿಯವರೆಗೆ ಒಂದು ಸಹಿ ಹಾಕಿಸಿಕೊಂಡು ಎಲ್ಲವನ್ನೂ ನಿರ್ಮಾಪಕನೋ ಕಂಪೆನಿಯೋ ಬರೆಸಿಕೊಳ್ಳುತ್ತಿತ್ತು. ಕಳ್ಳಪ್ರತಿಯಿಂದ ಕಲಾವಿದನಿಗೆ ಅನ್ಯಾಯವೆಂದು ಕಣ್ಣೀರಿಟ್ಟವರಲ್ಲಿ ಆ ಸಹಿ ಹಾಕಿಸಿಕೊಂಡವರೂ ಇದ್ದರು. ಸಂಶೋಧನಾ ಪತ್ರಿಕೆಗಳಲ್ಲಂತೂ ಬರೆಯುವ ವಿದ್ವಾಂಸನಿಗೆ ಪ್ರಕಾಶಕ ಕಾಸು ಕೊಡುವುದಿಲ್ಲ, ತಿದ್ದುವ ವಿದ್ವಾಂಸನಿಗೂ ಕೊಡುವುದಿಲ್ಲ. ಬಹುಪಾಲು ಸಂಶೋಧನೆ ನಡೆದದ್ದೇ ಜನರ ತೆರಿಗೆ ಹಣದಲ್ಲಿ. ಆ ಲೇಖನಗಳನ್ನು ಬಿಟ್ಟಿಯಾಗಿ ಓದಿಸುವ ಸೈ-ಹಬ್ ತಾಣದ ಮೇಲೆ ಎಲ್ಸೆವಿಯರ್ ಮೊದಲಾದ ಮೂರು ಪ್ರಕಾಶಕರು 2020ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಅದನ್ನು ಭಾರತದಲ್ಲಿ ಮುಚ್ಚಲು ಆಜ್ಞೆಯಾಯಿತು. ಅದಕ್ಕೆ ಮೊದಲು, 2024ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರ ಮೂವತ್ತು ಪ್ರಕಾಶಕರ ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಒದಗಿಸಿದ್ದು ಒಳ್ಳೆಯದೇ. ಆದರೆ ನಮ್ಮ ಹಣದಲ್ಲಿ ಬೆಳೆದ ಭತ್ತವನ್ನು ನಮಗೇ ಮಾರಿ ಒಯ್ದ ಹಣ ಅದು. ಹಳ್ಳಿಯ ಹೈಸ್ಕೂಲು ಮೇಷ್ಟರಿಗೆ, ಪರೀಕ್ಷೆಗೆ ಮನೆಯಲ್ಲೇ ಓದುವ ಹುಡುಗಿಗೆ ಅದರಲ್ಲಿ ಒಂದು ಹಿಡಿಯೂ ಇಲ್ಲ.

ಮಾಡಬೇಕಾದುದೇನು?

ಜನ ಕದ್ದು ಓದುವುದು ಕಳ್ಳತನದ ಆಸೆಯಿಂದಲ್ಲ. ಓದುವ ಆಸೆಯಿಂದ, ನೇರವಾದ ದಾರಿಯಿಲ್ಲದ್ದರಿಂದ. ದಾರಿ ಮಾಡಿಕೊಡುವುದು ಸರ್ಕಾರದ ಕೆಲಸ. ಓದುವವನಿಗೆ ಬಿಟ್ಟಿಯಾಗಿ, ಬರೆದವನಿಗೆ ನ್ಯಾಯವಾಗಿ ಪುಸ್ತಕ ತಲುಪಿಸುವ ಸಂಸ್ಥೆಯನ್ನು ಮನುಷ್ಯ ಬಹಳ ಹಿಂದೆಯೇ ಕಂಡುಹಿಡಿದಿದ್ದಾನೆ. ಅದರ ಹೆಸರು ಸಾರ್ವಜನಿಕ ಗ್ರಂಥಾಲಯ. ಕರ್ನಾಟಕದಲ್ಲಿ ಅದಕ್ಕಾಗಿ 1965ರ ಕಾಯಿದೆಯಿದೆ. ನಾವು ಕಟ್ಟುವ ಮನೆಗಂದಾಯದ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವಿದೆ. ನಮ್ಮಿಂದ ವಸೂಲಾಗುವ ಆ ಹಣವನ್ನು ಎಷ್ಟೋ ನಗರಸಭೆ, ಪುರಸಭೆಗಳು ಇಲಾಖೆಗೆ ಕಟ್ಟದೆ ಬಾಕಿ ಉಳಿಸಿಕೊಳ್ಳುತ್ತವೆ. ಇಲಾಖೆಯ ಪುಸ್ತಕ ಖರೀದಿ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಸಾವಿರ ಪ್ರತಿಯಲ್ಲಿ ಮುನ್ನೂರನ್ನು ಗ್ರಂಥಾಲಯ ಸಕಾಲಕ್ಕೆ ಕೊಂಡಿದ್ದರೆ ಆ ಹಿರಿಯರ ಮಂಚದ ಕೆಳಗೆ ಕಟ್ಟು ಇರುತ್ತಿರಲಿಲ್ಲ, ಪಿಡಿಎಫ್ ಮಾಡಿದವನಿಗೆ ನೆಪವೂ ಇರುತ್ತಿರಲಿಲ್ಲ.

ಆದ್ದರಿಂದ ನಾವು ಸರ್ಕಾರದ ಮುಂದಿಡುವ ಒತ್ತಾಯಗಳು ಇವು.

ಒಂದು, ಗೂಂಡಾ ಕಾಯಿದೆಯಿಂದ ಕೃತಿಸ್ವಾಮ್ಯದ ಮಾತನ್ನು ತೆಗೆದುಹಾಕಬೇಕು. ತಪ್ಪಿಗೆ ವಿಚಾರಣೆಯಿರಲಿ, ವಿಚಾರಣೆಯಿಲ್ಲದ ಸೆರೆ ಬೇಡ.

ಎರಡು, ಗ್ರಂಥಾಲಯ ಕರದ ಬಾಕಿಯನ್ನು ವಸೂಲು ಮಾಡಿ, ಪ್ರತಿ ವರ್ಷದ ಪುಸ್ತಕವನ್ನು ಅದೇ ವರ್ಷ ಕೊಂಡು, ಹಣವನ್ನು ಸಕಾಲಕ್ಕೆ ಪಾವತಿ ಮಾಡಬೇಕು. ಅಚ್ಚಿನಲ್ಲಿಲ್ಲದ ಪುಸ್ತಕಗಳನ್ನು ಲೇಖಕರಿಗೂ ವಾರಸುದಾರರಿಗೂ ಗೌರವಧನ ಕೊಟ್ಟು ಎಲ್ಲರಿಗೂ ತೆರೆದಿಡಬೇಕು. ನಮ್ಮ ಕಾನೂನಿನಂತೆ ಲೇಖಕ ತೀರಿಕೊಂಡ ಅರವತ್ತು ವರ್ಷದವರೆಗೆ ಪುಸ್ತಕ ಕಟ್ಟಿನಲ್ಲಿರುತ್ತದೆ. ಅಷ್ಟರಲ್ಲಿ ಎಷ್ಟು ಪುಸ್ತಕ ಗೆದ್ದಲಿಗೆ ಆಹಾರವಾಗುತ್ತದೆಯೋ!

ಮೂರು, ಜನರ ಹಣದಲ್ಲಿ ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಹೊರತಂದ ಪುಸ್ತಕ, ಮಾಡಿಸಿದ ಸಂಶೋಧನೆ ಜನರಿಗೆ ಬಿಟ್ಟಿಯಾಗಿ ದೊರೆಯಬೇಕು. ಕಣಜದಂಥ ಜಾಲತಾಣದ ಮೂಲಕ ಈ ಕೆಲಸ ಅಷ್ಟಿಷ್ಟು ಶುರುವಾಗಿದೆ; ಪೂರ್ತಿಯಾಗಲಿ.

ನಾಲ್ಕು, ಯಂತ್ರಕ್ಕೆ ಕಲಿಸಲು ಪುಸ್ತಕ ಬಳಸುವ ಕಂಪೆನಿಗಳು ಕಡ್ಡಾಯವಾಗಿ ರಾಯಧನ ಕೊಡಬೇಕೆಂಬ ಪ್ರಸ್ತಾವವನ್ನು ಕೇಂದ್ರ ಸರ್ಕಾರದ ಸಮಿತಿಯೊಂದು 2025ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಆ ಹಣ ದೆಹಲಿಯ ಮೇಜಿನ ಮೇಲೆ ದೊಡ್ಡ ಪ್ರಕಾಶಕರ ನಡುವೆ ಹಂಚಿಹೋಗದೆ ಕನ್ನಡದ, ತುಳುವಿನ, ಕೊಡವದ ಬರಹಗಾರನವರೆಗೂ ಬರಬೇಕು. ಅದನ್ನು ಕೇಳಲು ನಮ್ಮ ಲೇಖಕರು ಈಗಲೇ ಸಂಘ ಕಟ್ಟಬೇಕು. ನೋಂದಣಿಯಿಲ್ಲ, ಆದ್ದರಿಂದ ಪಾಲಿಲ್ಲ ಎಂಬ ಅಮೆರಿಕದ ಮಾತು ಇಲ್ಲಿ ನಡೆಯಕೂಡದು.

ಓದುಗರಲ್ಲಿಯೂ ಒಂದು ಮಾತು. ಬದುಕಿರುವ ಕನ್ನಡ ಲೇಖಕನ ಹೊಸ ಪುಸ್ತಕ ಪಿಡಿಎಫ್ ಆಗಿ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ದಾಟಿಸಬೇಡಿ. ಕೊಳ್ಳುವ ಶಕ್ತಿಯಿದ್ದರೆ ಕೊಳ್ಳಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಒಂದು ಪ್ರತಿ ಕೊಂಡು ಕೈಯಿಂದ ಕೈಗೆ ದಾಟಿಸಿ ಓದಿ. ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ನಿಮ್ಮೂರಿನ ಗ್ರಂಥಾಲಯದಲ್ಲಿ ಆ ಪುಸ್ತಕ ಬೇಕೆಂದು ಬರೆದುಕೊಡಿ. ಕೊಡದಿದ್ದರೆ, ಕಟ್ಟಿದ ಕರ ಎಲ್ಲಿ ಹೋಯಿತೆಂದು ಪುರಸಭೆಯ ಬಾಗಿಲಲ್ಲಿ ನಿಂತು ಕೇಳಿ. ನಾವೂ ನಿಮ್ಮೊಡನೆ ಬರುತ್ತೇವೆ.

ಕಾಗೋಡಿನ ರೈತರು ಗೇಣಿ ಕೊಡುವುದಿಲ್ಲ ಎಂದು ಮೊದಲಿಗೆ ಹೇಳಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದರು. ನಾವು ಕೇಳುತ್ತಿರುವುದೂ ಅದನ್ನೇ. ಬರೆದವನಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಮೊಬೈಲ್ ಅಂಗಡಿಯ ಹುಡುಗನನ್ನೂ ಸಾವಿರಾರು ಕೋಟಿಯ ಕಂಪೆನಿಯನ್ನೂ ಅಳೆಯುವ ಕೊಳಗ ಒಂದೇ ಆಗಿರಲಿ.